ಓದದೆ ಬಿಟ್ಟ ಮೂರನೇ ಸಾಲು

ಮೊನ್ನೆ ಶಿವಮೊಗ್ಗದ ಗೋಪಾಳದಲ್ಲಿ ನಮ್ಮ ರಸ್ತೆಯ ಕೊನೆಯ ಅಂಗಡಿಗೆ ಹೋಗಿದ್ದೆ. ನನಗಿಂತ ಮುಂದೆ ನಿಂತಿದ್ದ ಹೆಂಗಸೊಬ್ಬರು ಪೂಜೆಗೆ ಕರ್ಪೂರ, ಪಾಯಸಕ್ಕೆ ಏಲಕ್ಕಿ ಕೇಳಿದರು. ಅಂಗಡಿಯವನು ಎರಡನ್ನೂ ಒಂದೇ ಕಾಗದದಲ್ಲಿ ಸುತ್ತಿಕೊಟ್ಟ. "ಬೇರೆ ಬೇರೆ ಕಟ್ಟೋ ಮಾರಾಯ, ಪಾಯಸವೆಲ್ಲ ಕರ್ಪೂರದ ವಾಸನೆ ಹೊಡೆಯುತ್ತೆ" ಎಂದು ಅವರು ವಾಪಸ್ಸು ಕೊಟ್ಟರು. ಅವನು ಪೊಟ್ಟಣ ಬಿಚ್ಚಿದ. ಆಗ ಬಂದ ವಾಸನೆಗೆ ನಾನು ಏನು ಕೊಳ್ಳಲು ಬಂದಿದ್ದೆ ಎಂಬುದೇ ಮರೆತುಹೋಯಿತು. ಬರಿಗೈಯಲ್ಲಿ ಮನೆಗೆ ಬಂದೆ.

ಬರೀ ಕರ್ಪೂರವಾದರೆ ಅದು ದೇವರ ಮನೆಯ ವಾಸನೆ. ಏಲಕ್ಕಿಯ ಜೊತೆ ಸೇರಿದರೆ ನನಗೆ ಅದು ೨೦೦೯ರ ಮಳೆಗಾಲದ ವಾಸನೆ. ಆ ವರ್ಷ ಶಿವಮೊಗ್ಗದಲ್ಲೂ ಭದ್ರಾವತಿಯಲ್ಲೂ ಜನ ಕರವಸ್ತ್ರದ ತುದಿಗೆ ಇವೆರಡನ್ನೂ ಕಟ್ಟಿಕೊಂಡು ಮೂಸುತ್ತಾ ಓಡಾಡಿದರು. ಹೀಗೆ ಮಾಡಿದರೆ ಹಂದಿಜ್ವರ ಹತ್ತಿರ ಬರುವುದಿಲ್ಲ ಎಂಬ ಮೆಸೇಜು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿತ್ತು. ಅದನ್ನು ಮೊದಲು ಕಳಿಸಿದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಸರ್ಕಾರದ ಮಾತನ್ನು ಹೇಳುತ್ತಿದ್ದ ದನಿ ಯಾರದೆಂದು ಮಾತ್ರ ಬಹಳ ಜನಕ್ಕೆ ಗೊತ್ತಿತ್ತು. ಅದು ನನ್ನದು.

ನಾನು ಆಗ ಶಿವಮೊಗ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ದಿನಗೂಲಿ ನೌಕರ. ಕಚೇರಿಯ ಹೆಸರು ಬೇಡ. ಮೇಲಿನಿಂದ ಬಂದ ಸೂಚನೆಗಳನ್ನು ಜನರಿಗೆ ತಿಳಿಯುವ ಕನ್ನಡದಲ್ಲಿ ಬರೆಯುವುದು, ಸಾಹೇಬರಿಗೆ ತೋರಿಸಿ ಸಹಿ ಹಾಕಿಸುವುದು, ಆಮೇಲೆ ಅದನ್ನು ಕ್ಯಾಸೆಟ್ಟಿಗೆ ಓದಿ ಬಾಷಾ ಸಾಬರ ಆಟೋಗೆ ಕೊಡುವುದು ನನ್ನ ಕೆಲಸ. ಆಟೋದ ತಲೆಯ ಮೇಲೆ ಹಿಂದೊಂದು ಮುಂದೊಂದು ಮೈಕು. ಹೊಸ ಕ್ಯಾಸೆಟ್ಟು ಬೇಕೆಂದು ಕೇಳಿದರೆ ತಿಂಗಳು ಹಿಡಿಯುತ್ತಿತ್ತು, ಆದ್ದರಿಂದ ಹಳೆಯದರ ಮೇಲೆಯೇ ಓದುತ್ತಿದ್ದೆ. ನಾಲ್ಕೈದು ಕ್ಯಾಸೆಟ್ಟುಗಳೇ ವರ್ಷಗಟ್ಟಲೆ ಇಡೀ ಜಿಲ್ಲೆಗೆ ಮಾತಾಡಿದವು.

ನನಗೆ ಎರಡು ದನಿಗಳಿದ್ದವು. ನಾನು ಬೇಕೆಂದು ಮಾಡಿಕೊಂಡದ್ದಲ್ಲ, ಕೆಲಸ ಮಾಡಿಸಿದ್ದು. ತುಂಗೆಗೆ ನೀರು ಬಿಡುವ ದಿನ ಓದುತ್ತಿದ್ದುದು ಒಂದು ದನಿ: ಗಟ್ಟಿ, ಬಿಡಿಬಿಡಿ, ನಗುವಿಲ್ಲದ್ದು. ಪೋಲಿಯೋ ಹನಿ ಹಾಕುವ ಭಾನುವಾರಕ್ಕೆ ಇನ್ನೊಂದು: ಮೆತ್ತಗೆ, ತೊಟ್ಟಿಲು ತೂಗುವವರ ಹಾಗೆ. ಕ್ಯಾಸೆಟ್ಟು ತೆಗೆದುಕೊಳ್ಳುವಾಗ ಬಾಷಾ ಸಾಬರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಲಿಂಗರಾಜಣ್ಣ, ಇವತ್ತು ಹೊಳೆನಾ, ಪೋಲಿಯೋನಾ?" ಹೊಳೆಯಾದರೆ ಸೌಂಡು ಪೂರ್ತಿ, ಪೋಲಿಯೋ ಆದರೆ ಅರ್ಧ.

ಆ ವರ್ಷ ಜುಲೈನಲ್ಲಿ ಗಾಜನೂರಿನ ಅಣೆಕಟ್ಟೆಯಿಂದ ನೀರು ಬಿಟ್ಟಾಗ ನಾನೂ ಆಟೋದಲ್ಲಿ ಹೊಳಲೂರಿನ ಕಡೆ ಹೋಗಿದ್ದೆ. ಹೊಳೆಯ ಪ್ರಕಟಣೆಯನ್ನು ಯಾರೂ ತಿದ್ದುತ್ತಿರಲಿಲ್ಲ. ಎಂಜಿನಿಯರು ಫೋನಿನಲ್ಲಿ ಹೇಳಿದ್ದನ್ನು ಹಾಗೇ ಬರೆದುಕೊಳ್ಳುವುದು. ಎಷ್ಟು ಗಂಟೆಗೆ ಗೇಟು ಎತ್ತುತ್ತಾರೆ, ಸುಮಾರು ಎಷ್ಟು ಹೊತ್ತಿಗೆ ಈ ಊರಿಗೆ ನೀರು ಬರುತ್ತದೆ, ದನ ಎಲ್ಲಿಗೆ ಹೊಡೆಯಬೇಕು, ಪಂಪುಸೆಟ್ಟು ಎತ್ತಿಡಬೇಕೋ ಬೇಡವೋ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತಿದ್ದರು: "ಮಳೆ ಹೆಚ್ಚಾದರೆ ಲೆಕ್ಕ ಬದಲಾಗುತ್ತೆ, ಮತ್ತೆ ಬಂದು ಹೇಳ್ತೀವಿ." ಜನ ಹೆದರುತ್ತಾರೆ ಎಂದು ಯಾವ ಅಧಿಕಾರಿಯೂ ಚಿಂತೆ ಮಾಡಿದ್ದಿಲ್ಲ. ಹೆದರಲಿ ಎಂದೇ ನಮ್ಮನ್ನು ಕಳಿಸುತ್ತಿದ್ದರು.

ಹೊಳಲೂರಿನ ದಂಡೆಯಲ್ಲಿ ವಯಸ್ಸಾದ ರೈತರೊಬ್ಬರು ನಾವು ಹೋಗಿ ನಿಲ್ಲುವಷ್ಟರಲ್ಲೇ ಮೋಟರಿಗೆ ಹಗ್ಗ ಬಿಗಿಯುತ್ತಿದ್ದರು. "ಪೂರಾ ಕೇಳಿಸ್ಕೊಳ್ಳಿ ಯಜಮಾನ್ರೇ" ಎಂದೆ.

"ಮಾತು ಯಾರು ಕೇಳ್ತಾರೆ ಮಾರಾಯ. ನಿನ್ನ ದನಿ ಹೆಂಗೈತೆ ಅನ್ನೋದು ಕೇಳಿದ್ರೆ ಸಾಕು. ಮೋಟ್ರು ಎತ್ತಬೇಕೋ, ಮಲಗಬೇಕೋ, ಅದ್ರಲ್ಲೇ ಗೊತ್ತಾಗುತ್ತೆ."

ನನಗೆ ಹೆಮ್ಮೆಯಾಯಿತು. ಆ ಮಾತನ್ನು ಆಮೇಲೆ ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ.

ಆಗಸ್ಟಿನಲ್ಲಿ ಹಂದಿಜ್ವರಕ್ಕೆ ಜನ ಸತ್ತ ಸುದ್ದಿ ಪೇಪರುಗಳಲ್ಲಿ ಬಂತು, ಮೊದಲು ಪುಣೆಯದು, ಆಮೇಲೆ ಬೆಂಗಳೂರಿನದು. ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ಮೂಗಿಗೆ ಹಸಿರು ಬಟ್ಟೆ ಕಟ್ಟಿಕೊಂಡವರು ಕಾಣಿಸಿದರು. ಗೌರಿ-ಗಣೇಶ ಹಬ್ಬಕ್ಕೆ ಇನ್ನು ಎರಡು ವಾರವೂ ಇರಲಿಲ್ಲ. ಮೇಲಿನಿಂದ ಬಂದ ಸೂಚನೆಯನ್ನು ನಾನು ಐದು ಸಾಲಿಗೆ ಇಳಿಸಿ ಬರೆದೆ. ಕೈ ತೊಳೆಯುವುದು ಒಂದು. ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳುವುದು ಎರಡು. ಮೂರನೆಯದು ಹೀಗಿತ್ತು: ಗರ್ಭಿಣಿಯರು, ಚಿಕ್ಕ ಮಕ್ಕಳು, ಉಬ್ಬಸ ಇರುವವರು ಜ್ವರ ಕಾಣಿಸಿದ ದಿನವೇ ಆಸ್ಪತ್ರೆಗೆ ಬರಬೇಕು, ಕಾಯಬಾರದು. ಉಳಿದೆರಡು ನೆನಪಿಲ್ಲ. ನೆನಪಿಟ್ಟುಕೊಳ್ಳುವಂಥವೂ ಅಲ್ಲ.

ಸಾಹೇಬರು ಹಾಳೆಯನ್ನು ಎರಡು ಸಲ ಓದಿದರು. ಕೆಟ್ಟ ಮನುಷ್ಯರಲ್ಲ. ಮಧ್ಯಾಹ್ನ ಊಟದ ಡಬ್ಬಿ ತೆರೆದರೆ ನನ್ನನ್ನೂ ಕರೆಯುತ್ತಿದ್ದರು. ಕೆಂಪು ಪೆನ್ನು ತೆಗೆದು ಮೂರನೇ ಸಾಲಿನ ಮೇಲೆ ನೆಟ್ಟಗೆ ಒಂದು ಗೆರೆ ಎಳೆದರು.

"ಸಾರ್, ಅದು ಮೇಲಿಂದಲೇ ಬಂದಿದ್ದು" ಎಂದೆ.

"ಬಂದಿರ್ಲಿ. ಗರ್ಭಿಣಿಯರು ಅಂತ ಮೈಕಿನಲ್ಲಿ ಕೂಗಿದ್ರೆ ಮನೆಮನೆಯೂ ಅಲ್ಲಾಡುತ್ತೆ. ತೊಂಬತ್ನಾಲ್ಕರಲ್ಲಿ ಸೂರತ್‌ನಲ್ಲಿ ಪ್ಲೇಗ್ ಅಂದಿದ್ದೇ ತಡ, ಜನ ರೈಲು ಹತ್ತಿ ಓಡಿದ್ರು. ಗೊತ್ತಲ್ಲ? ಹಬ್ಬ ಎದುರಿಗಿದೆ ಕಣಯ್ಯಾ. ಜಿಲ್ಲೇಲಿ ಒಂದು ಕೇಸೂ ಬಂದಿಲ್ಲ."

"ಬಂದಮೇಲೆ ಹೇಳಿದ್ರೆ..."

"ನೀನು ಓದೋನಾ, ಆಳೋನಾ?" ನಗುತ್ತಲೇ ಕೇಳಿದರು. ಗೆರೆಯ ಪಕ್ಕದಲ್ಲಿ ತಾವೇ ಬರೆದರು: ಇದು ಸಾಮಾನ್ಯ ಶೀತಜ್ವರದಂತೆಯೇ. ಮನೆಯಲ್ಲಿ ವಿಶ್ರಾಂತಿ ಪಡೆಯಿರಿ. ಅನಗತ್ಯವಾಗಿ ಆಸ್ಪತ್ರೆಗೆ ಬಂದು ಜನಸಂದಣಿ ಮಾಡಬೇಡಿ. ಕೊನೆಗೆ ನಮ್ಮ ಕಚೇರಿಯ ಎಲ್ಲ ಪ್ರಕಟಣೆಗಳ ಬಾಲ: ಸಾರ್ವಜನಿಕರು ಆತಂಕಪಡುವ ಅಗತ್ಯವಿಲ್ಲ.

ಹಾಳೆ ಕೈಗೆ ಕೊಡುವಾಗ ಹೇಳಿದರು, "ಹೊಳೆ ಬಂದಾಗ ಓದೋ ಥರ ಓದಬೇಡ. ಪೋಲಿಯೋಕ್ಕೆ ಓದ್ತೀಯಲ್ಲ, ಹಂಗೆ ಓದು. ಮುಖದಲ್ಲಿ ನಗು ಇರಲಿ, ದನೀಲಿ ತಾನಾಗೇ ಬರುತ್ತೆ."

ಹಾಗೆಯೇ ಓದಿದೆ. ಒಂದೇ ಸಲಕ್ಕೆ ಸರಿಯಾಗಿ ಬಂತು. ಬಾಷಾ ಸಾಬರು ಕೇಳಿದರು, "ಹೊಳೆನಾ, ಪೋಲಿಯೋನಾ?"

"ಪೋಲಿಯೋ" ಎಂದೆ.

ಆ ಭಾನುವಾರ ಭದ್ರಾವತಿಗೆ ಹೋದೆ. ನಾನು ಹುಟ್ಟಿ ಬೆಳೆದದ್ದು ಅಲ್ಲಿ, ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ. ಅಪ್ಪ ರಿಟೈರಾದ ಮೇಲೆ ಗೋಪಾಳಕ್ಕೆ ಬಂದೆವು. ನಮ್ಮ ಮನೆಗೂ ವಸಂತಾಳ ಮನೆಗೂ ನಡುವೆ ಒಂದೇ ಗೋಡೆಯಿತ್ತು. ನನಗಿಂತ ಎಂಟು ವರ್ಷ ಚಿಕ್ಕವಳು. ಅವಳ ಮನೆಮಾತು ತಮಿಳು, ಓದಿದ್ದು ಕನ್ನಡ ಮೀಡಿಯಂ, ನಮ್ಮಮ್ಮನ ಕೈಯ ರೊಟ್ಟಿ ತಿಂದು ಬೆಳೆದವಳು. ನನಗೆ ಒಡಹುಟ್ಟಿದವರಿಲ್ಲ. ಇದ್ದಿದ್ದರೆ ಅವಳ ಹಾಗೆಯೇ ನನ್ನನ್ನು ಆಡಿಕೊಳ್ಳುತ್ತಿದ್ದರು. ಮದುವೆಯಾದ ಮೇಲೂ ಅದೇ ನ್ಯೂ ಟೌನಿನಲ್ಲಿದ್ದಳು. ಗಂಡ ಮುರುಗೇಶಣ್ಣ ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಫಿಟ್ಟರ್. ಅವಳಿಗೆ ಆಗ ಏಳು ತಿಂಗಳು.

"ಬಂತು ನೋಡಿ ಸರ್ಕಾರ!" ಎಂದಳು ಬಾಗಿಲಲ್ಲೇ. ನನ್ನ ದನಿಯನ್ನೇ ಮಾಡಿ, "ಕಾಫಿಗೆ ಹಾಲು ಇದೆ. ಸಾರ್ವಜನಿಕರು ಆತಂಕಪಡುವ ಅಗತ್ಯವಿಲ್ಲ" ಎಂದಳು.

ಮುರುಗೇಶಣ್ಣ ಬಿದ್ದು ಬಿದ್ದು ನಕ್ಕರು. "ಇವ್ಳು ಬೆಳಗ್ಗೆಯಿಂದ ಇದೇ. ಸಾಂಬಾರಿಗೆ ಉಪ್ಪು ಜಾಸ್ತಿಯಾದ್ರೂ ಆತಂಕಪಡುವ ಅಗತ್ಯವಿಲ್ಲ ಅಂತಾಳೆ."

"ಮೈಕಣ್ಣ, ನನ್ನ ಬಳೆ ಶಾಸ್ತ್ರಕ್ಕೂ ಆಟೋ ಕಳಿಸ್ತೀಯ ತಾನೇ? ಹಬ್ಬ ಮುಗಿದ ಮೇಲೆ ಇಟ್ಕೊಂಡಿದೀವಿ. ಊರಿಗೆಲ್ಲ ಕೇಳ್ಬೇಕು."

ಕಾಫಿ ಕುಡಿಯುವಾಗ ಅವಳು ಒಂದು ಕಾಗದ ತಂದಳು. ಮುರುಗೇಶಣ್ಣನ ಅಕ್ಕ ಕಸ್ತೂರಿ ಸಿಂಗಪುರದ ಆಸ್ಪತ್ರೆಯಲ್ಲಿ ನರ್ಸು. ಅಲ್ಲಿನ ಸರ್ಕಾರ ಮನೆಮನೆಗೆ ಹಂಚಿದ ಕರಪತ್ರವನ್ನು ಟಪಾಲಿನಲ್ಲಿ ಕಳಿಸಿದ್ದರು. ಅಲ್ಲಿ ತಮಿಳಿನಲ್ಲೂ ಅಚ್ಚು ಹಾಕುತ್ತಾರಂತೆ. ಕಾಗದ ನಮ್ಮ ಕಚೇರಿಯ ಕರಪತ್ರಕ್ಕಿಂತ ತೆಳು. ಬಣ್ಣವಿಲ್ಲ, ಯಾವ ಮಂತ್ರಿಯ ಫೋಟೋವೂ ಇಲ್ಲ. ವಸಂತಾಳಿಗೆ ತಮಿಳು ಓದಲು ಬಾರದು. ಮುರುಗೇಶಣ್ಣ ಬೆರಳಿಟ್ಟು ಓದಿ ಕನ್ನಡದಲ್ಲಿ ಹೇಳಿದರು. ಈ ಕಾಯಿಲೆಯ ಬಗ್ಗೆ ಇವತ್ತಿನವರೆಗೆ ತಿಳಿದಿರುವುದು ಇಷ್ಟು, ಇನ್ನೂ ತಿಳಿಯದಿರುವುದು ಇಷ್ಟು ಎಂದು ಬೇರೆ ಬೇರೆ ಬರೆದಿತ್ತು. ಬಸುರಿಯರ ಮಾತು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿತ್ತು. ಜ್ವರ ಬಂದ ದಿನವೇ ವೈದ್ಯರ ಹತ್ತಿರ ಹೋಗಬೇಕು. ನನ್ನ ಮೂರನೇ ಸಾಲು.

"ಇದೇನು ಲಿಂಗರಾಜು, ಅಲ್ಲಿ ಹಂಗೆ ಹೇಳ್ತಾರೆ, ಇಲ್ಲಿ ಹಿಂಗೆ ಹೇಳ್ತೀರಾ? ಜ್ವರ ಒಂದೇ ಅಲ್ವಾ?" ಎಂದರು ಮುರುಗೇಶಣ್ಣ.

ವಸಂತಾ ನನ್ನ ಮುಖ ನೋಡಿದಳು. ಆಗ ನಗುತ್ತಿರಲಿಲ್ಲ. "ನಿಜ ಹೇಳು ಮೈಕಣ್ಣ, ಯಾವ್ದು ಕೇಳ್ಲಿ?"

ಇಲ್ಲಿ ನಾನು ಸರಿಯಾಗಿ ಬರೆಯಬೇಕು. ಕೆಂಪು ಗೆರೆಯ ಹಾಳೆ ಆಗ ನನ್ನ ಬ್ಯಾಗಿನಲ್ಲೇ ಇತ್ತು. ಕಚೇರಿಯವನೇ ಹೀಗೆಂದ ಎಂದು ಮಾತು ಹೊರಬಿದ್ದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆಯಿತ್ತು. ನಾನು ಓದಿದ್ದು ತಪ್ಪು ಎಂದು ಇವರೆದುರು ಒಪ್ಪಿಕೊಳ್ಳಲು ನಾಚಿಕೆಯಿತ್ತು. ಜೊತೆಗೆ, ಸಾಹೇಬರ ಮಾತನ್ನು ನನ್ನದೇ ಮೆತ್ತನೆಯ ದನಿಯಲ್ಲಿ ಎರಡು ದಿನ ಕೇಳಿ ಕೇಳಿ ನಾನೇ ಅರ್ಧ ನಂಬಿದ್ದೆ.

"ಅದು ಆ ದೇಶಕ್ಕೆ ಮಾರಾಯ್ತಿ. ಅಲ್ಲಿ ಬಂದಿದೆ, ಹೇಳ್ತಾರೆ. ನಮ್ಮಲ್ಲಿ ಇನ್ನೂ ಬಂದೇ ಇಲ್ಲ. ಸಣ್ಣ ಜ್ವರಕ್ಕೆಲ್ಲ ಆಸ್ಪತ್ರೆಯಲ್ಲಿ ಕ್ಯೂ ನಿಂತ್ರೆ ಅಲ್ಲೇ ಅಂಟಿಸ್ಕೊಂಡು ಬರ್ತೀಯ, ಅಷ್ಟೇ."

"ಸರಿ, ನೀನು ಹೇಳಿದ್ಮೇಲೆ ಮುಗೀತು" ಎಂದಳು. ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ ಏಲಕ್ಕಿ ಡಬ್ಬಿಯ ಕೆಳಗೆ ಇಟ್ಟಳು. ಹೊರಡುವಾಗ ಒಂದು ಕರವಸ್ತ್ರ ಕೊಟ್ಟಳು. ತುದಿಯಲ್ಲಿ ಗಂಟು, ಗಂಟಿನಲ್ಲಿ ಕರ್ಪೂರ, ಏಲಕ್ಕಿ. "ಊರೂರು ಸುತ್ತೋನು ನೀನು. ಇಟ್ಕೋ."

"ಇದ್ರಿಂದ ಏನಾಗುತ್ತೆ?" ಎಂದು ನಕ್ಕೆ.

"ನೀನು ಏನೂ ಮಾಡ್ಬೇಡಿ ಅಂತೀಯ. ಇದು ಏನೋ ಒಂದು ಮಾಡು ಅನ್ನುತ್ತೆ. ಅಷ್ಟಾದ್ರೂ ಬೇಡ್ವಾ?"

ಬುಧವಾರ ಅವಳ ಮೈ ಬಿಸಿಯಾಯಿತು. ಇದನ್ನು ಮುರುಗೇಶಣ್ಣ ಆಮೇಲೆ ಹೇಳಿದರು. ಅವರು ಅರ್ಧ ದಿನ ರಜ ಹಾಕಿ, ನಡಿ ಆಸ್ಪತ್ರೆಗೆ ಎಂದರಂತೆ. ಅಷ್ಟು ಹೊತ್ತಿಗೆ ಬೀದಿಯ ಆ ಕೊನೆಯಿಂದ ಬಾಷಾ ಸಾಬರ ಆಟೋ ಬಂತು. "ಕೇಳಿ, ಮೈಕಣ್ಣ ಏನಂತಿದಾನೆ. ಮನೇಲಿ ಮಲಗಿ ಅಂತಿದಾನೆ" ಎಂದು ಹೇಳಿ ಅವಳು ಹೊದ್ದು ಮಲಗಿದಳು. ಗುರುವಾರ ಮೆಣಸಿನ ಕಷಾಯ. ಶುಕ್ರವಾರ ಜ್ವರ ಸ್ವಲ್ಪ ಇಳಿದಂತಿತ್ತು, ಎದ್ದು ಹಬ್ಬಕ್ಕೆಂದು ಅಕ್ಕಿ ಆರಿಸಿದಳು. ಶನಿವಾರ ಬೆಳಿಗ್ಗೆ ಉಸಿರು ಎಳೆದುಕೊಳ್ಳಲು ಆಗಲಿಲ್ಲ.

ಶಿವಮೊಗ್ಗದ ಆಸ್ಪತ್ರೆಗೆ ನಾನು ಹೋಗುವಷ್ಟರಲ್ಲಿ ಅವಳನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಮುರುಗೇಶಣ್ಣ ಕಾರಿಡಾರಿನಲ್ಲಿ ಕಾರ್ಖಾನೆಯ ಬೂಟಿನಲ್ಲೇ ನಿಂತಿದ್ದರು. ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಹೊರಗೆ ಬಂದರು. ಅವರ ದನಿಯಲ್ಲಿ ಸಿಟ್ಟಿತ್ತು, ಸಿಟ್ಟಿಗಿಂತ ಹೆಚ್ಚಾಗಿ ಸುಸ್ತಿತ್ತು.

"ನಾಲ್ಕನೇ ದಿನಕ್ಕೆ ಕರ್ಕೊಂಡು ಬಂದಿದೀರಲ್ಲ. ಗರ್ಭಿಣಿಯರು ಮೊದಲನೇ ದಿನಾನೇ ಬರ್ಬೇಕು ಅಂತ ನಿಮಗೆ ಯಾರೂ ಹೇಳ್ಲಿಲ್ವಾ?"

"ಇಲ್ಲಿ ಯಾರೂ ಹೇಳ್ಲಿಲ್ಲ ಸಾರ್" ಎಂದರು ಮುರುಗೇಶಣ್ಣ. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಅವರು ನನ್ನ ಕಡೆ ತಿರುಗಲಿಲ್ಲ. ಬೇಕೆಂದು ತಿರುಗದೆ ಇದ್ದದ್ದಲ್ಲ, ಅವರಿಗೆ ನನ್ನ ನೆನಪೇ ಬರಲಿಲ್ಲ ಎಂದು ತೋರುತ್ತದೆ.

ವಸಂತಾ ಭಾನುವಾರ ಮಧ್ಯಾಹ್ನ ತೀರಿಕೊಂಡಳು. ಮಗುವೂ ಅವಳೊಂದಿಗೇ ಹೋಯಿತು. ಅದು ಹಬ್ಬದ ದಿನ. ಮೊದಲ ದಿನವೇ ಬಂದಿದ್ದರೆ ಬದುಕುತ್ತಿದ್ದಳೇ? ಆ ಪ್ರಶ್ನೆಯನ್ನು ನಾನು ಡಾಕ್ಟರಿಗೆ ಕೇಳಲಿಲ್ಲ. ಬದುಕುತ್ತಿದ್ದಳು ಎಂದಾರು ಎಂದು ಹೆದರಿ ಕೇಳಲಿಲ್ಲ.

ಅಂತ್ಯಕ್ರಿಯೆ ಮುಗಿಸಿ ಕಚೇರಿಗೆ ಹೋದಾಗ ಸಾಹೇಬರು ಪತ್ರಿಕೆಗಳಿಗೆ ಕೊಡಲು ಒಂದು ಟಿಪ್ಪಣಿ ಬರೆಸಿದರು. ಜಿಲ್ಲೆಯಲ್ಲಿ ಈವರೆಗೆ ಹಂದಿಜ್ವರ ದೃಢಪಟ್ಟಿಲ್ಲ. ಅದು ಸುಳ್ಳಾಗಿರಲಿಲ್ಲ. ಅವಳ ಗಂಟಲಿನಿಂದ ತೆಗೆದ ಮಾದರಿ ಬೆಂಗಳೂರಿಗೆ ಹೋಗಿತ್ತು, ವರದಿ ಬಂದಿರಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ ನ್ಯುಮೋನಿಯಾ ಎಂದಿತ್ತು. ಸತ್ತವಳು ನನಗೆ ಏನಾಗಬೇಕು ಎಂದು ಸಾಹೇಬರಿಗೆ ತಿಳಿದಿರಲಿಲ್ಲ. ನಾನೂ ಹೇಳಲಿಲ್ಲ. ಒಂದೇ ಒಂದು ಅಕ್ಷರ ತಪ್ಪದೆ ಬರೆದುಕೊಟ್ಟೆ.

ವರದಿ ಬಂದದ್ದು ಹಬ್ಬದ ಗದ್ದಲ ಮುಗಿದ ಮೇಲೆ. ಹಂದಿಜ್ವರವೇ. ಅದರ ಹಿಂದೆಯೇ, ಗರ್ಭಿಣಿಯರ ವಿಷಯವನ್ನು ನಿಮ್ಮಲ್ಲಿ ಯಾಕೆ ಪ್ರಚಾರ ಮಾಡಿಲ್ಲ ಎಂದು ಮೇಲಿನಿಂದ ಪತ್ರ ಬಂತು. ಸಾಹೇಬರು ಫೈಲಿನಿಂದ ತಲೆ ಎತ್ತದೆ ಹೇಳಿದರು, "ಆ ಮೂರನೇದು ಇತ್ತಲ್ಲ, ಅದನ್ನ ಸೇರಿಸಿಬಿಡು." ಬಿಟ್ಟುಹೋದ ಒಂದು ಪಿನ್‌ಕೋಡು ಸೇರಿಸಲು ಹೇಳಿದ ಹಾಗಿತ್ತು.

ಜನರಿಗೆ ಹೇಳುವುದು ಹೇಗೆಂದು ನಮಗೆ ತಿಳಿದಿರಲಿಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಒಂದೇ ಕಚೇರಿ, ಒಂದೇ ಆಟೋ, ಒಂದೇ ಬಾಯಿ. ಒಂದು ತಿಂಗಳ ಹಿಂದೆ ಹೊಳಲೂರಿನಲ್ಲಿ ಮೋಟರು ಉಳಿಸಲು ಎಲ್ಲವನ್ನೂ ಹೇಳಿದ್ದೆವು. ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳಿದರೆ ಜನ ಓಡುತ್ತಾರೆ, ಓಡಿ ಬದುಕುತ್ತಾರೆ ಎಂದು ನಮಗೆ ಗೊತ್ತಿತ್ತು. ಸಿಂಗಪುರದ ಸರ್ಕಾರ ಪುಣ್ಯವಂತರದೇನೂ ಅಲ್ಲ. ಮಾತು ಕೇಳದವರನ್ನು ಅಲ್ಲಿ ಬಿಡುವುದಿಲ್ಲ ಎಂದು ಕಸ್ತೂರಿಯೇ ಬರೆದಿದ್ದರು. ಆದರೆ ಅವರು ಜ್ವರವನ್ನೂ ಹೊಳೆಯ ಹಾಗೆ ಹೇಳಿದರು. ನಾವು ಜ್ವರವನ್ನು ಹಬ್ಬದ ಹಾಗೆ ಹೇಳಿದೆವು. ನೀರು ಕಣ್ಣಿಗೆ ಕಾಣುತ್ತದೆ, ಮುಚ್ಚಿಟ್ಟರೆ ಸಂಜೆಯೊಳಗೆ ಸಿಕ್ಕಿಬೀಳುತ್ತೇವೆ. ಜ್ವರವನ್ನು ವರದಿ ಬರುವ ತನಕ ಮುಚ್ಚಿಡಬಹುದು. ವ್ಯತ್ಯಾಸ ಇಷ್ಟೇ ಎಂದು ನನಗೆ ಅನ್ನಿಸುತ್ತದೆ.

ಮೂರನೇ ಸಾಲನ್ನು ಸೇರಿಸಿ ನಾನು ಹೊಸದಾಗಿ ಓದಿದೆ. ಆತಂಕಪಡುವ ಅಗತ್ಯವಿಲ್ಲ ಎಂಬ ಬಾಲವನ್ನು ಓದಲಿಲ್ಲ. ಬಾಷಾ ಸಾಬರು ಕ್ಯಾಸೆಟ್ಟು ಹಾಕಿ ಎರಡು ಮಾತು ಕೇಳಿಸಿಕೊಂಡರು. ಈ ಸಲ ಪ್ರಶ್ನೆ ಕೇಳಲಿಲ್ಲ. ಸೌಂಡು ಪೂರ್ತಿ ತಿರುಗಿಸಿದರು.

ಭದ್ರಾವತಿಗೆ ನಾನೂ ಅವರ ಜೊತೆ ಹೋದೆ. ನ್ಯೂ ಟೌನಿನ ಆ ಬೀದಿಗೆ ಆಟೋ ತಿರುಗಿದಾಗ ಮುರುಗೇಶಣ್ಣ ಗೇಟಿನ ಹತ್ತಿರ ಬಂದರು. ಗಡ್ಡ ಬಂದಿತ್ತು. ಆಟೋ ನಿಂತಿತು. ಮೈಕಿನಲ್ಲಿ ನನ್ನ ದನಿ ಗಟ್ಟಿಯಾಗಿ, ಬಿಡಿಬಿಡಿಯಾಗಿ, ಜ್ವರ ಕಾಣಿಸಿದ ದಿನವೇ ಎಂದಿತು, ಕಾಯಬಾರದು ಎಂದಿತು. ಎದುರು ಮನೆಯ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ಹೊರಗೆ ಬಂದು ನಿಂತಳು. ಆ ದನಿಗೆ ಜನ ಹೊರಗೆ ಬರುತ್ತಾರೆ.

"ಆ ಮೂರನೇದು ಇನ್ನೊಂದ್ಸಲ ಹಾಕಿ ಭಾಯ್" ಎಂದರು ಮುರುಗೇಶಣ್ಣ.

ಬಾಷಾ ಸಾಬರು ನನ್ನ ಮುಖ ನೋಡಿ, ಕ್ಯಾಸೆಟ್ಟು ಹಿಂದಕ್ಕೆ ಓಡಿಸಿ, ಮತ್ತೆ ಹಾಕಿದರು. ಮುರುಗೇಶಣ್ಣ ತಲೆ ತಗ್ಗಿಸಿಕೊಂಡು ಕೇಳಿದರು. ಆಮೇಲೆ ನನ್ನ ಹತ್ತಿರ ಬಂದರು.

"ಇದು ನಿಮಗೆ ಯಾವಾಗ ಬಂತು ಲಿಂಗರಾಜು?"

"ಮೊನ್ನೆ ಬಂತಣ್ಣ."

ಅವರು ನನ್ನ ಭುಜದ ಮೇಲೆ ಕೈಯಿಟ್ಟರು. ಎಣ್ಣೆ, ಕಬ್ಬಿಣ ಹಿಡಿದು ದಡ್ಡುಗಟ್ಟಿದ ಭಾರದ ಕೈ. "ಹೋಗ್ಲಿ ಬಿಡು. ನಿಂಗೂ ಯಾರೂ ಹೇಳಿರ್ಲಿಲ್ಲ, ಪಾಪ. ಆ ಸಿಂಗಪುರದ ಕಾಗದದ ಮಾತು ಇಲ್ಲಿಗೂ ಸೇರುತ್ತೆ ಅಂತ ಅವತ್ತು ಗೊತ್ತಿದ್ದಿದ್ರೆ ನೀನು ಅವ್ಳಿಗೆ ಹೇಳ್ದೆ ಇರ್ತಿದ್ಯಾ?"

"ಇಲ್ಲ ಅಣ್ಣ" ಎಂದೆ. ಮೆತ್ತಗೆ ಅಂದೆ, ಅವರಿಗೆ ಸಮಾಧಾನವಾಗುವ ಹಾಗೆ.

ಮುರುಗೇಶಣ್ಣ ತಲೆಯಾಡಿಸಿ ಒಳಗೆ ಹೋದರು. ಬಾಷಾ ಸಾಬರಿಗೆ ನನ್ನ ಎರಡೂ ದನಿ ಗೊತ್ತು. ಅವರು ನನ್ನ ಕಡೆ ನೋಡದೆ ಆಟೋ ಸ್ಟಾರ್ಟ್ ಮಾಡಿದರು.